ಹತ್ತೊಂಬತ್ತು ಫೋನುಗಳ ಮನೆ

ಮಾವ,

ಕೆಲಸಕ್ಕೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ.

ನಮ್ಮ ಮನೆಯಲ್ಲಿರುವುದು ಮೂರು ಫೋನು. ನಿನ್ನೆ ನೋಡಿದರೆ ನಮ್ಮ ವೈಫೈಗೆ ಹತ್ತೊಂಬತ್ತು ಸೇರಿಕೊಂಡಿದ್ದವು. ನನ್ನ ಆನ್‌ಲೈನ್ ಮೀಟಿಂಗು ಅರ್ಧಕ್ಕೇ ನಿಂತದ್ದು ಇದರಿಂದಲೇ. ಕೆಳಗಿನ ಕ್ಷೌರದಂಗಡಿಯವರನ್ನು ಕೇಳಿದೆ.

“ಪಾಸ್‌ವರ್ಡ್ ನಿಮ್ಮ ಮಾವನೇ ಕೊಟ್ರಮ್ಮ, ಬರ್ಕೊಳ್ಳೋಕೆ ಪೆನ್ನೂ ಕೊಟ್ರು” ಅಂದರು.

ಮೂವತ್ತು ವರ್ಷ ಬ್ಯಾಂಕಿನ ಬಾಗಿಲು ಕಾದವರು ನೀವು. ಈಗಲೂ ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೀರಿ. ವೈಫೈಗೆ ಮಾತ್ರ ನೀವೇ ಕರೆದು ಕೀಲಿಕೈ ಕೊಡುತ್ತೀರಿ.

ಪಾಸ್‌ವರ್ಡ್ ಬದಲಾಯಿಸಿ ನಿಮ್ಮ ಫೋನಿಗೆ ನಾನೇ ಹಾಕಿದ್ದೇನೆ. ಅದೇನೆಂದು ನಿಮಗೆ ಹೇಳುವುದಿಲ್ಲ. ರೂಟರಿನ ಹಿಂದಿನ ಗುಂಡಿ ಒತ್ತಬೇಡಿ, ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೂ ಸೇರಿಕೊಳ್ಳಬಹುದು.

ಯಾರಿಗೂ ಇಲ್ಲ ಎನ್ನಲು ನಿಮಗೆ ಬಾಯಿ ಬರುವುದಿಲ್ಲ, ಗೊತ್ತು. “ನನ್ನ ಸೊಸೆ ಜಿಪುಣಿ, ನನಗೂ ಹೇಳಿಲ್ಲ” ಅಂದುಬಿಡಿ. ನನಗೆ ಬೇಸರವಿಲ್ಲ. ಅವರು ತಕ್ಷಣ ನಂಬುತ್ತಾರೆ.