ಗೌರಿಗೆ ಬಂದ ಸೀರೆ

ಬೆಟ್ಟದಪುರ
20-9-2025

ತಮ್ಮ ಚಲುವರಾಜುಗೆ ನಿನ್ನ ಅಕ್ಕನ ಆಶೀರ್ವಾದ.

ನಾವಿಲ್ಲಿ ಚೆನ್ನಾಗಿದ್ದೀವಿ. ಶಾಂತಲಾ, ಮಗು ಸ್ಪಂದನಾ ಹೇಗವ್ರೆ? ನೀನು ಕಳಿಸಿದ ಗೌರಿ ಬಾಗಿನ ಮುಟ್ಟಿತು ಅಂತ ಹಬ್ಬದ ಮಾರನೇ ದಿನವೇ ಬರೀಬೇಕಿತ್ತು, ತಡವಾಯ್ತು, ಬೇಜಾರು ಮಾಡ್ಕೋಬೇಡ. ಫೋನ್ ಮಾಡಬಹುದಿತ್ತು. ಆದ್ರೆ ನಿನ್ನ ದನಿ ಕೇಳಿದ್ರೆ ನನ್ನ ಸಿಟ್ಟು ಇಳಿದೋಗ್ತದೆ, ಅದಕ್ಕೇ ಕಾಗದ.

ಅಪ್ಪನ ಹೊಲದಲ್ಲಿ ಬಿದ್ದಿದ್ದ ಬಾಳೆ ಎಲ್ಲಾ ಕಡಿದು ತೆಗೆದಾಯ್ತು. ನೀನು ಕೆ.ಆರ್.ನಗರದಲ್ಲಿ ಅಂಗಡಿ ಇಟ್ಟ ಮೇಲೆ, 'ಹೊಲ ಬೀಳು ಬುಡಬೇಡಕ್ಕ, ನೀನೇ ಮಾಡ್ಕೊಂಡು ತಿನ್ನು' ಅಂತ ಕೊಟ್ಟಿದ್ದಲ್ವಾ? ಮೇ ತಿಂಗಳ ಬಿರುಗಾಳಿಗೆ ಗೊನೆ ಬಿಟ್ಟ ನಾನೂರು ಗಿಡ ಒಂದೇ ಸಂಜೆಲಿ ಮಲಗಿಬುಟ್ವು. ಬೆಳೆ ಪರಿಹಾರಕ್ಕೆ ಅಂತ ಗ್ರಾಮಲೆಕ್ಕಿಗರು ಬಂದು, ಸರ್ವೆ ನಂಬರ್ ಬರೆದ ಸ್ಲೇಟು ನನ್ನ ಕೈಗೆ ಕೊಟ್ಟು ಫೋಟೋ ತೆಗೆದ್ರು. ಆಮೇಲೆ, "ಪಹಣಿ ನಿಮ್ಮ ತಮ್ಮನ ಹೆಸರಲ್ಲಿ ಅದೆ, ದುಡ್ಡು ಅವರ ಖಾತೆಗೇ ಹೋಗೋದು. ನೀವು ಉಳೋದಕ್ಕೆ ಕಾಗದ ಏನಾದ್ರೂ ಅದಾ?" ಅಂದ್ರು.

"ಒಡಹುಟ್ಟಿದವನ ಹತ್ರ ಕಾಗದ ಬರೆಸ್ಕೊಳ್ಳೋದಾ ಸ್ವಾಮಿ?" ಅಂದೆ. ನಿಮ್ಮ ಭಾವ ಮೂರು ವರ್ಷದ ಹಿಂದೇನೇ ಒಂದು ಚೀಟಿ ಬರೆಸ್ಕೋ ಅಂದಿದ್ರು. ಆವತ್ತು ಅವರಿಗೆ ಬೈದು ಎರಡು ದಿನ ಮಾತು ಬುಟ್ಟಿದ್ದೆ.

ನಿನ್ನ ಕೇಳಿದ್ದಕ್ಕೆ, 'ಬಂದ ದಿನವೇ ಕಳಿಸ್ತೀನಿ ಬುಡಕ್ಕ' ಅಂದೆ. ಹೋದ ವಾರ ಕೇಳಿದ್ರೂ, 'ಇನ್ನೂ ಬಂದಿಲ್ಲ ಕಣಕ್ಕ, ಸರ್ಕಾರದ ಕೆಲಸ ಗೊತ್ತಲ್ಲ' ಅಂದೆ. ನಾನೂ ನಿನ್ನ ಜೊತೆ ಸೇರಿ ಸರ್ಕಾರಕ್ಕೆ ಶಾಪ ಹಾಕಿದೆ.

ಸೋಮವಾರ ಪಿರಿಯಾಪಟ್ಟಣದ ತಾಲ್ಲೂಕು ಆಫೀಸಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, "ಒಂಬತ್ತು ಸಾವಿರ, ಗೌರಿ ಹಬ್ಬಕ್ಕೆ ಐದು ದಿನ ಮುಂಚೇನೇ ಜಮಾ ಆಗಿದೆ ಅಮ್ಮ" ಅಂದ್ಲು. ಸರಿಯಾಗಿ ನೋಡವ್ವ ಅಂದೆ. ಪರದೆ ನನ್ನ ಕಡೆ ತಿರುಗಿಸಿದ್ಲು. ಫೋಟೋದಲ್ಲಿ ಸ್ಲೇಟು ಹಿಡ್ಕೊಂಡು ನಾನು ನಿಂತಿದ್ದೆ, ಕೆಳಗೆ ನಿನ್ನ ಹೆಸರಿತ್ತು.

ನಿನಗೆ ಏನೋ ತಾಪತ್ರಯ ಇತ್ತೇನೋ. ಅಕ್ಕ, ಖರ್ಚಾಗೋಯ್ತು ಅಂದಿದ್ರೆ ಆಗಲಿ ಬುಡು ಅಂತಿದ್ದೆ. ಆ ದುಡ್ಡಲ್ಲಿ ಬಾಳೆ ಕಂದು ತಂದು ಮತ್ತೆ ನೆಡೋಣ ಅಂತಿದ್ದೆ. ಇನ್ನು ನೆಡಲ್ಲ. ಹೊಲ ಹಸನು ಮಾಡಿ ಬುಟ್ಟಿದ್ದೀನಿ, ನಿನ್ನದು ನೀನು ನೋಡ್ಕೋ.

ಮಗು ಚೆನ್ನಾಗಿ ಓದಲಿ. ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ ಅಕ್ಕ,
ಜಯಲಕ್ಷ್ಮಮ್ಮ

ಇನ್ನೊಂದು ಮಾತು: ಅಪ್ಪ ಹೋದ ಮೇಲೆ, ನಾನು ಹೊಲದ ಹಕ್ಕು ಬುಟ್ಟುಕೊಟ್ಟು ರುಜು ಹಾಕಿದ ದಿನ ನೀನು ನನಗೊಂದು ಸೀರೆ ಕೊಟ್ಟಿದ್ದೆ. ಆಮೇಲೆ ಒಂಬತ್ತು ಗೌರಿ ಹಬ್ಬ ಕಳೆದ್ವು, ತವರಿಂದ ಒಂದು ಚಿಟಿಕೆ ಅರಿಶಿನ ಬರಲಿಲ್ಲ. ಈ ಸಲ ಸೀರೆ, ಬಳೆ, ಒಂದು ಚಿಪ್ಪು ಬಾಳೆಹಣ್ಣು ಬಂದಾಗ ಪಕ್ಕದ ಮನೆ ಸುನಂದಮ್ಮನಿಂದ ಹಿಡಿದು ಇಡೀ ಬೀದಿಗೆ ತೋರಿಸ್ದೆ. ನನ್ನ ತಮ್ಮ ನನ್ನ ಮರೆತಿಲ್ಲ ಅಂತ ಹೇಳ್ಕೊಂಡು ತಿರುಗಿದೆ. ದುಡ್ಡು ಪೂರ್ತಿ ನೀನೇ ಇಟ್ಕೊಂಡು ಸೀರೆ ಕಳಿಸದೇ ಇದ್ದಿದ್ರೆ ನನಗಿಷ್ಟು ನೋಯ್ತಿರಲಿಲ್ಲ ಕಣೋ.