ಬಂಡೆಯ ಅಳತೆ

ಗುರುವಾರ, ಮಧ್ಯಾಹ್ನ

ಬಂಡೆಯವರಿಗೆ,

ನಿಮ್ಮ ಹೆಸರು ಹಿಡಿದು ಕರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. 'ರೀ' ಅಂತ ಕಾಗದದ ಮೇಲೆ ಬರೆದರೆ ಅಡುಗೆಮನೆಯಿಂದ ಕೂಗಿದ ಹಾಗಿರುತ್ತದೆ. ಆದ್ದರಿಂದ ಟಿವಿ ನೋಡುವವರೆಲ್ಲ ಕರೆಯುತ್ತಿದ್ದ ಹೆಸರನ್ನೇ ಬರೆದಿದ್ದೇನೆ. ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರೆಂದು ಪ್ರತಿ ಭಾನುವಾರ ನಿಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳುತ್ತೀರಿ. ಅದನ್ನು ನಾನು ನಂಬಿದ್ದೇನೋ ಇಲ್ಲವೋ ಎಂಬುದು ಈ ಕಾಗದ ಮುಗಿಯುವ ಹೊತ್ತಿಗೆ ನಿಮಗೆ ತಿಳಿಯುತ್ತದೆ.

ಮೊದಲು ಕೆಲಸದ ವಿಷಯ. 'ಬೀಳಿಸಿ ನೋಡು' ಆಟ ಮತ್ತೆ ಟಿವಿಗೆ ಬರುತ್ತಿದೆ, ನಿಂತು ಹನ್ನೊಂದು ವರ್ಷವಾದ ಮೇಲೆ. ಉಡುಪಿನ ಕೋಣೆಗೆ ನನ್ನನ್ನೇ ಕರೆಸಿಕೊಂಡಿದ್ದಾರೆ. ಶಾಲೆಯ ಯೂನಿಫಾರ್ಮುಗಳ ಹೊಲಿಗೆಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಕಳೆದ ತಿಂಗಳಿನಿಂದ ಹೋಗಿಬರುತ್ತಿದ್ದೇನೆ. ಸ್ಟುಡಿಯೋ ಅದೇ. ನಡುವೆ ಅದನ್ನು ಫ್ರಿಜ್ಜು, ವಾಷಿಂಗ್ ಮೆಷೀನು ಪೇರಿಸುವ ಗೋದಾಮು ಮಾಡಿದ್ದರಂತೆ. 'ಈ ಬದಿ ಮೇಲಕ್ಕೆ' ಎಂಬ ಬಾಣದ ಗುರುತಿನ ಚೀಟಿಗಳು ಗೋಡೆಗೆ ಇನ್ನೂ ಅಂಟಿಕೊಂಡಿವೆ. ಆದರೆ ಸೇತುವೆಯನ್ನು ಮೊದಲಿದ್ದ ಜಾಗದಲ್ಲೇ ಕಟ್ಟಿದ್ದಾರೆ. ಒಬ್ಬರು ಕಾಲಿಡುವಷ್ಟೇ ಅಗಲ, ಕೆಳಗೆ ಸ್ಪಂಜಿನ ತುಂಡು ತುಂಬಿದ ಹೊಂಡ. ಈಗಲೂ ಆ ತುದಿಯಿಂದ ಬಸ್ ಕಂಡಕ್ಟರೋ ಬ್ಯಾಂಕಿನ ಗುಮಾಸ್ತೆಯೋ ಓಡಿ ಬರಬೇಕು, ಈ ತುದಿಯಲ್ಲಿ ವಾಹಿನಿಯ ಪೈಲ್ವಾನರೊಬ್ಬರು ನಿಂತು ಅಡ್ಡಗಟ್ಟಬೇಕು. ನಿನ್ನೆ ಊಟದ ಬಿಡುವಿನಲ್ಲಿ ಒಬ್ಬಳೇ ಹೋಗಿ ನೀವು ನಿಲ್ಲುತ್ತಿದ್ದ ತುದಿಯಲ್ಲಿ ನಿಂತು ಬಂದೆ. ಅಲ್ಲಿಂದ ನೋಡಿದರೆ ಉಡುಪಿನ ಕೋಣೆಯ ಬಾಗಿಲು ನೇರವಾಗಿ ಕಾಣುತ್ತದೆ. ಇದು ನನಗೆ ಗೊತ್ತಿರಲಿಲ್ಲ. ನೀವು ಹೇಳಿಯೂ ಇರಲಿಲ್ಲ.

ಆಟದ ಜಾಹೀರಾತು ಮೊದಲ ಸಲ ಬಂದಾಗ ಅತ್ತೆ ಟಿವಿ ಮುಂದೆ ಬಟಾಣಿ ಬಿಡಿಸುತ್ತಾ ಕೂತಿದ್ದರು. ಹೊಸ ಪೈಲ್ವಾನರು ಒಬ್ಬೊಬ್ಬರಾಗಿ ಬಂದು ತೋಳು ತೋರಿಸಿದರು. ಒಬ್ಬನ ಹೆಸರು ಮಿಂಚು, ಇನ್ನೊಬ್ಬಳದು ಸುಂಟರಗಾಳಿ. ಅತ್ತೆ ಕನ್ನಡಕ ಏರಿಸಿಕೊಂಡು, 'ಇವೆಲ್ಲಾ ಊಟ ಮಾಡ್ತವೇನೇ? ನಮ್ಮವನು ಕೆಮ್ಮಿದ್ರೆ ಸಾಕು, ಹೊಂಡಕ್ಕೆ ಬಿದ್ದಿರ್ತವೆ' ಎಂದರು. ಕೊನೆಗೆ ಹಳೆಯ ಆಟದ ತುಣುಕೊಂದನ್ನು ತೋರಿಸಿದರು. ನೀವು ಕಾಣಿಸಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬೂದು ಬಣ್ಣದ ಉಡುಪು, ಅದರ ಮೇಲೆ ನಾನು ಕುಂಚದಲ್ಲಿ ಬಿಡಿಸಿದ ಬಿರುಕುಗಳು. ಅತ್ತೆ ಮೊದಲಿನ ಹಾಗೇ 'ಕಾಲು ಊರೋ!' ಎಂದು ಕೂಗಿದ ರಭಸಕ್ಕೆ ಮಡಿಲಲ್ಲಿದ್ದ ಬಟಾಣಿಯೆಲ್ಲ ನೆಲದ ಪಾಲಾಯಿತು. ಇಬ್ಬರೂ ಕೂತು ಆರಿಸಿದೆವು. ಆರಿಸುತ್ತಾ ಅವರು ನನ್ನ ಮುಖ ನೋಡದೆ, 'ಬರ್ತಾನಾ?' ಎಂದರು. ನನಗೇನು ಗೊತ್ತು ಎಂದೆ. 'ಹೆಂಡ್ತಿಗೆ ಗೊತ್ತಿಲ್ದೆ ಪಕ್ಕದ್ಮನೆಯವಳಿಗೆ ಗೊತ್ತಿರುತ್ತಾ?' ಎಂದು ಮುನಿಸಿಕೊಂಡು, ಸಂಜೆಯವರೆಗೆ ಮಾತು ಬಿಟ್ಟರು.

ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾದದ್ದು ಮರುವಾರ. ಉಡುಪಿನ ವಿಭಾಗ ನೋಡಿಕೊಳ್ಳುವ ಹುಡುಗಿ ಫೋನ್ ಹಿಡಿದುಕೊಂಡು ಬಂದು, 'ಅಕ್ಕಾ, ಮೊದಲ್ನೇ ಕಂತಿಗೆ ಹಳೇ ಪೈಲ್ವಾನರು ಒಂದು ರೌಂಡ್ ಬರ್ತಾರೆ. ಬಂಡೆ ಸರ್ ಒಪ್ಪಿದ್ದಾರೆ. ಅವರ ಅಳತೆ ಕಳಿಸಿದ್ದಾರೆ, ಬರ್ಕೊಳ್ಳಿ' ಎಂದಳು. ನಾನು ನಿಮಗೆ ಏನಾಗಬೇಕೆಂದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಬರೆದುಕೊಂಡೆ. ಎದೆ, ಸೊಂಟ, ಭುಜ, ತೋಳು. ಬರೆಯುತ್ತಾ ಬರೆಯುತ್ತಾ ನಗು ಬಂತು. ಎಲ್ಲ ಹನ್ನೊಂದು ವರ್ಷದ ಹಿಂದಿನವು. ಅದೂ ಹೋಗಲಿ ಎಂದರೆ, ಎದೆಯ ಅಳತೆ ನಿಮ್ಮದೇ ಅಲ್ಲ. ಅದು ಆಗ ಆಟದ ಪೋಸ್ಟರಿನಲ್ಲಿ ಅಚ್ಚು ಹಾಕಿಸಿದ್ದು. ದೀಪಗಳ ಬೆಳಕಿನಲ್ಲಿ ನೀವು ಇನ್ನೂ ದೊಡ್ಡದಾಗಿ ಕಾಣಲಿ ಎಂದು ನಾನೇ ಉಡುಪಿನ ಒಳಗಡೆ ಸ್ಪಂಜಿನ ಪದರ ಇಟ್ಟು ಹೊಲಿದಿದ್ದೆ. ಆ ಸ್ಪಂಜನ್ನೂ ಸೇರಿಸಿ ಅಳೆದು ಪೋಸ್ಟರಿಗೆ ಕೊಟ್ಟಿದ್ದರು. ಊರಿನವರು ನಂಬಲಿ ಅಂತ ಇಟ್ಟ ಸ್ಪಂಜು ಅದು. ನೀವೂ ನಂಬಿಬಿಟ್ಟಿರಾ?

ಸಿಟ್ಟು ಮಾಡಿಕೊಳ್ಳಬೇಡಿ, ನಿಮ್ಮನ್ನು ಆಡಿಕೊಳ್ಳಲು ಬರೆಯುತ್ತಿಲ್ಲ. ನಿಮ್ಮ ನಿಜವಾದ ಅಳತೆ ಬಲ್ಲವಳು ನಾನು. ಮೊದಲ ದಿನ ನಾನು ಟೇಪು ಹಿಡಿದು ಕಂಕುಳ ಹತ್ತಿರ ಬಂದಾಗ ನೀವು ಕಿರುಚಿ ಹಿಂದಕ್ಕೆ ಹಾರಿ ಇಸ್ತ್ರಿಯ ಮೇಜನ್ನೇ ಉರುಳಿಸಿದಿರಿ. ಬಂಡೆಗೆ ಕಚಗುಳಿ! 'ಯಾರಿಗೂ ಹೇಳ್ಬೇಡಿ ಟೈಲರಮ್ಮ, ಮಾನ ಹೋಗುತ್ತೆ' ಎಂದು ಕೈ ಮುಗಿದಿರಿ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅತ್ತೆಗೂ ಹೇಳಿಲ್ಲ, ಅವರಿಗೆ ಮೊದಲೇ ಗೊತ್ತಿರಬೇಕು.

ಆಟ ನಿಂತ ಮೇಲೆ ನಾವು ಜಗಳವಾಡಿ ದೂರವಾದವರಲ್ಲ. ಜಗಳವಾಡಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ನಿಮಗೆ ದೂರದ ಊರಿನ ಜಿಮ್ಮಿನಲ್ಲಿ ತರಬೇತಿ ಕೊಡುವ ಕೆಲಸ ಸಿಕ್ಕಿತು, ನನಗೆ ಇಲ್ಲಿ ಹೊಲಿಗೆ ಇತ್ತು. ತಿಂಗಳಿಗೊಮ್ಮೆ ಬರುತ್ತಿದ್ದವರು ಹಬ್ಬಕ್ಕೊಮ್ಮೆ ಬಂದಿರಿ, ನಾಲ್ಕು ವರ್ಷದಿಂದ ಅದೂ ಇಲ್ಲ. ಕೆಲಸ ಜಾಸ್ತಿ, ರಜೆ ಸಿಗಲಿಲ್ಲ, ಮುಂದಿನ ಸಲ ನೋಡೋಣ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ನಿಮ್ಮ ಭುಜ ತಾಗಿ ತಾಗಿ ಬಣ್ಣ ಸವೆದಿತ್ತಲ್ಲ, ಹೋದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಷ್ಟು ಜಾಗ ಬಿಟ್ಟುಬಿಡಿ ಎಂದೆ. 'ಹಾಗೆ ಬಿಟ್ರೆ ನೋಡಿದವರು ನನ್ನನ್ನ ಬೈತಾರಮ್ಮ' ಎಂದ ಬಣ್ಣದವನು. ಬೈದರೆ ನನ್ನ ಹತ್ತಿರ ಕಳಿಸಿ ಎಂದೆ.

ಭಾನುವಾರದ ಫೋನನ್ನು ಮಾತ್ರ ನೀವು ತಪ್ಪಿಸಿಲ್ಲ. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಳ್ಳುತ್ತಾರೆ. ನಾನು ಪಕ್ಕದಲ್ಲಿ ಹೊಲಿಯುತ್ತಲೇ ಇರುತ್ತೇನೆ. ಒಂದು ಸಲ ನಿಮ್ಮ ಮಾತು ಸರಿಯಾಗಿ ಕೇಳಿಸಲಿ ಎಂದು ಪೆಡಲಿನಿಂದ ಕಾಲು ತೆಗೆದೆ. ತಕ್ಷಣ ನೀವು, 'ಮೆಷೀನ್ ಯಾಕಮ್ಮ ನಿಂತೋಯ್ತು, ದಾರ ಕಿತ್ತೋಯ್ತಾ?' ಎಂದು ಕೇಳಿದಿರಿ. ಅಷ್ಟು ದೂರದಲ್ಲಿ ಕೂತು ನೀವು ಕಿವಿಗೊಟ್ಟಿದ್ದು ಅಮ್ಮನ ಮಾತಿಗೊಂದಕ್ಕೇ ಅಲ್ಲ ಎಂದು ಅವತ್ತು ತಿಳಿಯಿತು. ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಎಷ್ಟೋ ಭಾನುವಾರ ಕಳೆದಿದ್ದೇನೆ. ಈ ಕಾಗದದಲ್ಲಿರುವುದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ. ಅತ್ತೆ ಕೇಳಿಸಿಕೊಳ್ಳುತ್ತಾರೆ, ಕೇಳಿಸದಿದ್ದರೆ ಗಟ್ಟಿಯಾಗಿ ಹೇಳು ಎನ್ನುತ್ತಾರೆ.

ಸೋಮವಾರ ಸೀಟಿ ಸಿಕ್ಕಿದ. ನಿಮ್ಮ ಆಟಕ್ಕೆ ರೆಫರಿಯಾಗಿದ್ದನಲ್ಲ, ಅವನೇ. ತಲೆ ಪೂರಾ ಬೋಳಾಗಿದೆ, ಕುತ್ತಿಗೆಯಲ್ಲಿ ಸೀಟಿ ಮಾತ್ರ ಹಾಗೇ ನೇತಾಡುತ್ತಿದೆ. ನಾನು ನಿಮ್ಮ ಉಡುಪಿಗೆಂದು ಬೂದು ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಅವನು ನೋಡುತ್ತಾ ನಿಂತು, 'ಅತ್ತಿಗೆ, ಬಲಗಡೆ ತೋಳು ಸ್ವಲ್ಪ ಸಡಿಲ ಇಡಿ' ಎಂದ. ಯಾಕೆ ಎಂದೆ. ಅವನು ಕುತ್ತಿಗೆಯ ಸೀಟಿಯನ್ನು ಬೆರಳಲ್ಲಿ ತಿರುಗಿಸತೊಡಗಿದ. ಸೀಮೆಸುಣ್ಣ ಕೆಳಗಿಟ್ಟು ಅವನನ್ನು ನೋಡಿದೆ ಅಷ್ಟೆ, ಎಲ್ಲವನ್ನೂ ಹೇಳಿಬಿಟ್ಟ. ನಾಲ್ಕು ವರ್ಷದ ಹಿಂದೆ ಭಾರ ಎತ್ತುವಾಗ ನಿಮ್ಮ ಬಲಭುಜ ಹೋದದ್ದು, ಆಪರೇಷನ್ ಆದದ್ದು, ಆಸ್ಪತ್ರೆಯಲ್ಲಿ ಅವನೇ ಜೊತೆಗಿದ್ದದ್ದು. ಈಗಲೂ ಆ ಕೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲವಂತೆ. ಮನೆಗೆ ತಿಳಿಸೋಣ ಎಂದಾಗ ನೀವು, 'ಬೇಡ ಕಣೋ, ಅವಳಿಗೆ ಟೇಪೂ ಬೇಡ. ಬಾಗಿಲಲ್ಲಿ ನೋಡಿದ್ರೆ ಸಾಕು, ಎಷ್ಟು ಇಳಿದುಹೋಗಿದ್ದೀನಿ ಅಂತ ಹೇಳಿಬಿಡ್ತಾಳೆ' ಎಂದಿರಂತೆ.

ನಾಲ್ಕು ವರ್ಷ ನಾನು ಏನೇನೋ ಅಂದುಕೊಂಡಿದ್ದೆ. ಅಲ್ಲಿ ಇನ್ಯಾರೋ ಇದ್ದಾರೆ ಎಂದೂ ಅಂದುಕೊಂಡಿದ್ದೆ, ಅವಳು ಹೇಗಿರಬಹುದು ಎಂದು ಯೋಚಿಸುತ್ತಾ ಒಂದಿಡೀ ತರಗತಿಯ ಅಂಗಿಗಳಿಗೆ ಕಾಲರು ತಿರುಗುಮುರುಗು ಹೊಲಿದದ್ದೂ ಉಂಟು. ನೀವು ಬಾರದಿರುವುದು ನನ್ನ ಕಣ್ಣಿಗೆ ಹೆದರಿ ಎಂದು ಹೊಳೆಯಲೇ ಇಲ್ಲ.

ನನ್ನ ಕಣ್ಣಿನ ಸಮಾಚಾರ ಹೇಳುತ್ತೇನೆ, ಕೇಳಿ. ಸೂಜಿಗೆ ದಾರ ಪೋಣಿಸಲು ಈಗ ಆ ಹುಡುಗಿಯನ್ನೇ ಕರೆಯಬೇಕು. ಕನ್ನಡಕ ಇಲ್ಲದಿದ್ದರೆ ಬಾಗಿಲಲ್ಲಿ ನಿಂತವರು ನೀವೋ ಹಾಲಿನವನೋ ಗೊತ್ತಾಗುವುದಿಲ್ಲ. ನಿಮಗೆ ಅಷ್ಟು ಸಂಕೋಚವಾದರೆ ಬರುವ ಮೊದಲು ತಿಳಿಸಿ, ಕನ್ನಡಕ ತೆಗೆದಿಟ್ಟಿರುತ್ತೇನೆ. ಅಂದಹಾಗೆ ನೀವೂ ನನ್ನನ್ನು ನೋಡಬೇಕಾಗುತ್ತದೆ. ಇಲ್ಲಿಯೂ ಒಂದೆರಡು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡದ್ದಿದೆ.

ಆಟಕ್ಕೆ ಹೋಗಬೇಡಿ ಎಂದು ನಾನು ಬರೆಯುತ್ತಿಲ್ಲ. ನಿಮ್ಮೆದುರು ಬರುವವನು ಆ ಮಿಂಚು. ತಾಲೀಮಿನಲ್ಲಿ ನೋಡಿದೆ. ಒಳ್ಳೆಯ ಹುಡುಗ, 'ಬಂಡೆ ಸರ್‌ನ ನೋಡೇ ನಾನು ಜಿಮ್ಮಿಗೆ ಸೇರಿದ್ದು ಅಕ್ಕ' ಎನ್ನುತ್ತಾನೆ. ಹಾಗೆಂದು ಮೆಲ್ಲಗೆ ತಳ್ಳುವವನಲ್ಲ. ಸೀಟಿ ಭುಜದ ವಿಷಯ ಅವನಿಗೆ ಹೇಳುತ್ತೇನೆಂದ. ನಿಮ್ಮನ್ನು ಕೇಳದೆ ಹೇಳಬೇಡ ಎಂದೆ. ನೀವು ಬೀಳುತ್ತೀರಿ ಎಂದೇ ಇಟ್ಟುಕೊಳ್ಳೋಣ. ಬಂಡೆ ಬಿದ್ದದ್ದನ್ನು ಟಿವಿಯವರು ಒಮ್ಮೆಯೂ ತೋರಿಸಿಲ್ಲ. ತಾಲೀಮಿನಲ್ಲಿ ನೀವು ಬಿದ್ದು ಎದ್ದು ಬಂದಾಗಲೆಲ್ಲ ನಿಮ್ಮ ಕೂದಲಿಗೆ ಅಂಟಿದ ಸ್ಪಂಜಿನ ಚೂರು ಆರಿಸಿದವಳು ನಾನು. ನೀವು ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸುತ್ತಿದ್ದಿರಿ. ಚೂರುಗಳು ಮುಗಿದ ಮೇಲೂ ಇಬ್ಬರೂ ಹಾಗೇ ಸ್ವಲ್ಪ ಹೊತ್ತು ಇರುತ್ತಿದ್ದೆವು.

ನನಗೆ ನೋವಾದದ್ದು ಒಂದಕ್ಕೆ, ನೀವು ಬಂದುಹೋಗುವ ಏರ್ಪಾಡಿಗೆ. ರೈಲು ನಿಲ್ದಾಣದಿಂದ ಕಾರು ನೇರ ಹೋಟೆಲಿಗೆ, ಹೋಟೆಲಿನಿಂದ ಸ್ಟುಡಿಯೋಗೆ, ಮರುದಿನ ಬಂದ ದಾರಿಯಲ್ಲೇ ವಾಪಸು. 'ಸರ್‌ಗೆ ಈ ಊರಲ್ಲಿ ಯಾರೂ ಇಲ್ವಂತೆ ಅಕ್ಕ, ರೂಮ್ ಕೇಳಿದ್ದಾರೆ' ಎಂದಳು ಹುಡುಗಿ. ನಾನು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದೆ.

ಶೂಟಿಂಗ್ ಮುಂದಿನ ಶನಿವಾರ. ನೀವು ಶುಕ್ರವಾರವೇ ಮನೆಗೆ ಬರಬೇಕು. ಪೋಸ್ಟರಿನ ಅಳತೆ ನಂಬಿ ನಾನು ಉಡುಪು ಕೊಟ್ಟರೆ ಎದೆಯ ಹತ್ತಿರ ಜೋಲುತ್ತದೆ, ನೋಡಿದವರು ಬೈಯುವುದು ದರ್ಜಿಯನ್ನು. ನೀವು ಎದುರಿಗೆ ನಿಲ್ಲಬೇಕು, ನಾನು ಟೇಪು ಹಿಡಿಯಬೇಕು, ಆ ಕೈ ಎಲ್ಲಿಯವರೆಗೆ ಏಳುತ್ತದೆಂದು ನೋಡಬೇಕು. ಇಷ್ಟಾಗದೆ ಉಡುಪು ಆಗುವುದಿಲ್ಲ. ಅತ್ತೆಗೆ ಏನೂ ಹೇಳಿಲ್ಲ. ಬಂದರೆ ಬಾಗಿಲಲ್ಲೇ ತಿಳಿಯಲಿ. ಬರದಿದ್ದರೆ ಕಾಯುವವಳು ನಾನೊಬ್ಬಳೇ ಇರಲಿ.

ಈ ಲಕೋಟೆ ವಾಹಿನಿಯವರು ನಿಮಗೆ ಕಳಿಸುವ ಟಿಕೆಟ್ಟಿನ ಜೊತೆಗೇ ಬರುತ್ತದೆ. ಹುಡುಗಿ ಕಾಯುತ್ತಿದ್ದಾಳೆ, ಅಂಟಿಸಿ ಕೊಡಬೇಕು.

ಇಂತಿ,
ಈ ಊರಿನಲ್ಲಿ ನಿಮಗಿರುವವಳು,
ಟೈಲರಮ್ಮ

ತಾ.ಕ.: ಜೊತೆಗೆ ನಿಮ್ಮ ಉಡುಪಿನ ಬಟ್ಟೆಯ ತುಂಡೊಂದನ್ನು ಇಟ್ಟಿದ್ದೇನೆ. ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ, ಭುಜ ನೋಯದಷ್ಟು. ಈಗೆಲ್ಲ ಬರುವುದು ಇಂಥ ಬಟ್ಟೆಯೇ, ಎತ್ತ ಎಳೆದರೂ ಹಿಗ್ಗುತ್ತದೆ. ದಪ್ಪಗಿದ್ದವರಿಗೂ ಇಳಿದುಹೋದವರಿಗೂ ಒಂದೇ ಉಡುಪು ಮೈಗೆ ಕೂರುತ್ತದೆ. ಹೊಸ ಪೈಲ್ವಾನರಲ್ಲಿ ಒಬ್ಬರಿಗೂ ನಾನು ಟೇಪು ಹಿಡಿದಿಲ್ಲ. ನಿಮ್ಮದು ಮಂಗಳವಾರವೇ ಹೊಲಿದು ಮುಗಿದು ಕೋಣೆಯಲ್ಲಿ ನೇತಾಡುತ್ತಿದೆ. ಶುಕ್ರವಾರ ಬನ್ನಿ.