ಗುಳ್ಳೆ ಮೇಷ್ಟ್ರ ಕೊಳವೆ

ಪ್ರಯೋಗಾಲಯ, ಕಿಟಕಿ ಪಕ್ಕದ ಮೇಜು
ಮಂಗಳವಾರ, ಮಧ್ಯಾಹ್ನ ಮೂರೂವರೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಹೊಲಿಗೆ ಮೆಷಿನ್ ಎದುರು ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲಾಗುವುದಿಲ್ಲ ಎಂದು ಬರೆದಿದ್ದೆ. ಸದ್ಯ ಯಾವ ಭಂಗಿಯಲ್ಲಿದ್ದೀಯ ಎಂದು ತಿಳಿಸಿದರೆ ಅದಕ್ಕೆ ತಕ್ಕ ಹಾರೈಕೆ ಕಳಿಸುತ್ತೇನೆ. ಭಾವ ಈಗಲೂ ಊಟಕ್ಕೆ ಮಾತ್ರ ಬಾಯಿ ತೆರೆಯುತ್ತಾರೋ, ಅಥವಾ ಮಾತಿಗೂ ಒಂದೆರಡು ಸಲ ತೆರೆದದ್ದುಂಟೋ? ನಾನು ಆರಾಮ. ಈ ಮಾತನ್ನು ಸದ್ಯಕ್ಕೆ ಒಂದು ಕಡೆ ಎತ್ತಿಡು.

ನಾನು ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಏನು ಮಾಡುತ್ತಿದ್ದೇನೆಂದು ನೀನು ಯಾರಿಗೂ ಸರಿಯಾಗಿ ಹೇಳಿದವಳಲ್ಲ. ‘ನಮ್ಮ ತಮ್ಮ ನಲ್ಲಿ ರಿಪೇರಿ ಮಾಡ್ತಾನೆ’ ಎಂದು ಹೇಳಿ ಹೇಳಿ ನನಗೆ ಬಂದಿದ್ದ ಎರಡು ಒಳ್ಳೆಯ ಸಂಬಂಧ ತಪ್ಪಿಸಿದ್ದೀಯ. ಆದ್ದರಿಂದ ಇನ್ನೊಮ್ಮೆ ಕೇಳಿಸಿಕೋ. ಪಂಪು ಹಾಕಿ ನೀರು ಬಿಡುತ್ತೇವೆ. ನೆಟ್ಟಗಿನ ಕೊಳವೆಯಲ್ಲಿ ಅದು ದೊಡ್ಡ ಮನುಷ್ಯರ ಹಾಗೆ ಗಂಭೀರವಾಗಿ ಹೋಗುತ್ತದೆ. ಎಲ್ಬೋ, ಅಂದರೆ ಕೊಳವೆಯ ಮೊಣಕೈ ತಿರುವು, ಬಂದ ಕೂಡಲೇ ಗಾಂಭೀರ್ಯ ಮುಗಿಯಿತು: ಗೋಡೆಗೆ ಬಡಿದು, ತನ್ನಲ್ಲೇ ಸುತ್ತಿ ಸುಳಿದು, ಇದ್ದ ಶಕ್ತಿಯಲ್ಲಿ ಒಂದು ಪಾಲನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಎಷ್ಟು ಕಳೆಯಿತೆಂದು ಹೇಳುವುದು ಪಾದರಸ. ಎಲ್ಬೋದ ಹಿಂದೊಂದು ಮುಂದೊಂದು ಸಣ್ಣ ಪಾರದರ್ಶಕ ಕೊಳವೆ ಸಿಕ್ಕಿಸಿ, ಪಾದರಸ ತುಂಬಿದ ಬಾಗಿದ ಗಾಜಿನ ನಳಿಗೆಗೆ ಜೋಡಿಸಿರುತ್ತೇವೆ. ಪಾದರಸ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ, ಆ ಅಂತರವೇ ನಷ್ಟದ ಅಳತೆ. ಕಳೆದದ್ದು ಆಮೇಲೆ ಎಷ್ಟು ದೂರ ನೆಟ್ಟಗೆ ಹರಿದರೂ ವಾಪಸ್ ಬರುವುದಿಲ್ಲ. ಆದರೆ ಆ ಸಣ್ಣ ಕೊಳವೆಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಪಾದರಸ ಸುಳ್ಳು ಹೇಳುತ್ತದೆ. ‘ಗುಳ್ಳೆ ನೋಡ್ರಪ್ಪಾ, ಮೊದಲು ಗುಳ್ಳೆ!’ ಎಂದು ಕೂಗಿ ಕೂಗಿಯೇ ನಾನು ಗುಳ್ಳೆ ಮೇಷ್ಟ್ರಾದದ್ದು. ನನ್ನ ಏಕೈಕ ಬಿರುದು, ದುಡಿದು ಸಂಪಾದಿಸಿದ್ದು.

ಕಳೆದ ವಾರ ಹನ್ನೆರಡು ವಿದ್ಯಾರ್ಥಿಗಳ ತಂಡ ಬಂದಿತ್ತು. ಕೊಳವೆಗಳನ್ನು ನಾನೇ ಪರೀಕ್ಷಿಸಿ ‘ಗುಳ್ಳೆ ಇಲ್ಲ, ಓದಿ’ ಎಂದು ಅಪ್ಪಣೆ ಕೊಡಿಸಿದೆ. ಅಂತರ ಬರಬೇಕಾದ್ದಕ್ಕಿಂತ ಎರಡು ಪಟ್ಟು ಬಂತು. ಹನ್ನೆರಡೂ ಪುಸ್ತಕಗಳಿಗೆ ಕೆಂಪು ಗೀಟೆಳೆದೆ. ಮತ್ತೆ ಮಾಡಿಸಿದೆ, ಮತ್ತೆ ಅಷ್ಟೇ. ಓದುವುದಕ್ಕೂ ಬರದ ದಂಡಪಿಂಡಗಳು ಎಂದೆಲ್ಲ ಮಂಗಳಾರತಿ ಎತ್ತಿದ ಮೇಲೆ ಒಬ್ಬಳು ಮೆಲ್ಲಗೆ, ‘ಬೈಬೇಡಿ ಸರ್, ಎಡಗಡೆ ಮೇಲ್ಗಡೆ ಒಂದು ಗುಳ್ಳೆ ಇದೆ, ಬಟಾಣಿಯಷ್ಟು’ ಎಂದಳು. ‘ಎಲ್ಲಿದೆಯಮ್ಮಾ?’ ಎಂದೆ. ಯಾರೂ ನಗಲಿಲ್ಲ ಅಕ್ಕಾ. ನಗಬಹುದಿತ್ತು. ಅವಳು ಕೊಳವೆಯ ಮೇಲೆ ಬೆರಳಿಟ್ಟು ತೋರಿಸಿದಳು. ಕತ್ತು ತಿರುಗಿಸಿದೆ, ಅತ್ತೆ ಮನೆಗೆ ಬಂದ ಅಳಿಯನ ಹಾಗೆ ಕಾಲು ಚಾಚಿ ಕೂತಿತ್ತು. ಕತ್ತು ತಿರುಗಿಸುವ ತನಕ ಅಲ್ಲಿ ನನಗೆ ಕಂಡಿದ್ದು ಶುದ್ಧವಾದ ಕೊಳವೆ.

ಗುರುವಾರ ಕಣ್ಣಿನ ಡಾಕ್ಟರಮ್ಮನ ಬಳಿ ಹೋದೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ನೀಲಿ ದೀಪ ತಾಗಿಸಿ, ‘ಮೂವತ್ನಾಲ್ಕು’ ಎಂದರು. ಏನು ಮೂವತ್ನಾಲ್ಕು ಎಂದೆ. ಕಣ್ಣೊಳಗಿನ ಒತ್ತಡವಂತೆ, ಪಾದರಸದ ಮಿಲಿಮೀಟರಿನಲ್ಲಿ. ಇಪ್ಪತ್ತೊಂದರ ಒಳಗಿರಬೇಕಂತೆ. ಕಣ್ಣಲ್ಲಿ ಊರುವ ನೀರು ಹೊರಹೋಗುವ ಸಣ್ಣ ದಾರಿ ಕಟ್ಟಿಕೊಂಡು, ಒತ್ತಡ ಏರಿ, ಹಿಂದಿನ ನರ ಸಾಯುತ್ತಾ ಬಂದಿದೆಯಂತೆ. ‘ಗುಳ್ಳೆ ನೋಡಿದ್ರಾ ಡಾಕ್ಟ್ರೇ?’ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಕಾಣದ ಜಾಗ ಕಪ್ಪಗೆ ತೋರುವುದಿಲ್ಲವಂತೆ. ಅಕ್ಕಪಕ್ಕದ್ದನ್ನು ಎಳೆದು ಮನಸ್ಸೇ ಅಲ್ಲಿ ತುಂಬಿಬಿಡುತ್ತದಂತೆ. ಹೋದದ್ದು ಬರುವುದಿಲ್ಲ, ದಿನಾ ಹನಿ ಹಾಕಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಮರಗಟ್ಟಿದ್ದು ಅರ್ಧ ಗಂಟೆಯಲ್ಲಿ ಇಳಿಯುತ್ತದೆ ಎಂದೂ ಅಂದರು. ಐದು ದಿನವಾಯಿತು, ಇಳಿದಿಲ್ಲ. ಅನ್ನಕ್ಕೆ ಉಪ್ಪು ಹಾಕಿದ್ದೆನೋ ಇಲ್ಲವೋ ತಿಂದ ಮೇಲೂ ತಿಳಿಯುತ್ತಿಲ್ಲ.

ನಿನ್ನೆ ಆ ಹನ್ನೆರಡು ಪುಸ್ತಕ ತರಿಸಿ, ಪ್ರತಿ ಕೆಂಪು ಗೀಟಿನ ಕೆಳಗೂ ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದೆ. ಬರೆಯುವಾಗ ಯಾಕೋ ಅಪ್ಪನ ನೀರಿನ ಲೋಟ ನೆನಪಾಯಿತು. ಎಡಗಡೆ ಇಟ್ಟ ಲೋಟವನ್ನು ದಿನಾ ಉರುಳಿಸುತ್ತಿದ್ದರಲ್ಲ. ಇವತ್ತು ಬೀಳುತ್ತೆ, ಬೀಳಲ್ಲ ಎಂದು ನಾವಿಬ್ಬರೂ ಪಂದ್ಯ ಕಟ್ಟುತ್ತಿದ್ದೆವು. ಹೆಚ್ಚು ಗೆದ್ದವಳು ನೀನು. ಗೋಡೆ ಸವರಿಕೊಂಡು ನಡೆಯುತ್ತಿದ್ದುದನ್ನು ಅಪ್ಪನ ಗತ್ತು ಎಂದುಕೊಂಡಿದ್ದೆವು.

ಭಾವನಿಗೆ ನಮಸ್ಕಾರ, ಉತ್ತರ ಕೊಡಬೇಕಾಗಿಲ್ಲ, ತಲೆ ಆಡಿಸಿದರೆ ಸಾಕು. ನಿನ್ನ ಮಂಡಿಗಳೆರಡಕ್ಕೂ ಪ್ರತ್ಯೇಕ ನಮಸ್ಕಾರಗಳು.

ನಿನ್ನ ತಮ್ಮ,
ನಲ್ಲಿ ರಿಪೇರಿ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು. ಡಾಕ್ಟರಮ್ಮ ಹೊರಡುವಾಗ, ‘ಒಡಹುಟ್ಟಿದವರು ಇದ್ದಾರಾ? ಇದು ರಕ್ತದಲ್ಲಿ ಬರೋದು, ಬೇಗ ಕರ್ಕೊಂಡು ಬನ್ನಿ. ನೋವಿರಲ್ಲ, ಗೊತ್ತೇ ಆಗಲ್ಲ’ ಎಂದರು. ಬೀರುವಿನ ಬಾಗಿಲು ಮೂರನೇ ಸಲ ಎಡಭುಜಕ್ಕೆ ಬಡಿಯಿತು, ಬಡಗಿಯನ್ನು ಕರೆಸಿ ಬೈದೆ ಎಂದು ನೀನು ಬರೆದಿದ್ದೆ. ಬಡಗಿಯದು ತಪ್ಪಿಲ್ಲ ಅಕ್ಕಾ. ಮುಂದಿನ ಗುರುವಾರ ಹತ್ತು ಗಂಟೆಗೆ ನಿನ್ನ ಹೆಸರು ಬರೆಸಿದ್ದೇನೆ. ಈ ಹಾಳೆಯ ಎಡಗಡೆ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಗುಳ್ಳೆ ಬರೆದಿದ್ದೇನೆ. ಒಂದೊಂದೇ ಕಣ್ಣು ಮುಚ್ಚಿ, ಹಾಳೆಯ ನಡುವನ್ನೇ ನೋಡು. ಗುಳ್ಳೆ ಕಂಡರೂ ಬಾ. ಕಾಣದಿದ್ದರೆ, ಇಲ್ಲೆಲ್ಲಿದೆಯೋ ಗುಳ್ಳೆ, ಸುಳ್ಳುಗಾರ ಎಂದು ನನ್ನನ್ನು ಬೈದುಕೊಂಡೇ ಬಾ.